ಟ್ರ್ಯಾಕ್ಟರ್‌ಗೆ ವೈರ್‌ಲೆಸ್ ಹಿಂಬದಿ ಕ್ಯಾಮೆರಾ ಆಯ್ದುಕೊಳ್ಳುವುದು ಹೇಗೆ

ಚಿಕ್ಕಬಳ್ಳಾಪುರದ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಟ್ರ್ಯಾಕ್ಟರ್ ಓಡಿಸುವವರಿಗೆ ಮುಂದಿನ ದಾರಿಗಿಂತ ಬೆನ್ನ ಹಿಂದಿನದೇ ಹೆಚ್ಚು ಚಿಂತೆ. ತಲೆಗೆ ತಾಗುವಷ್ಟು ತಗ್ಗಿನ ಚಪ್ಪರ, ಸಾಲು ಸಾಲು ಕಲ್ಲುಕಂಬ, ಕಂಬದ ಬುಡದಲ್ಲಿ ಹಾದುಹೋದ ಡ್ರಿಪ್ ಪೈಪು, ಸಾಲಿನ ಕೊನೆಯಲ್ಲಿ ತಿರುಗಿಸಿಕೊಳ್ಳಲು ಸಾಲದ ಜಾಗ. ಇಷ್ಟರ ನಡುವೆ ಬಳ್ಳಿಗೆ ಔಷಧಿ ಹೊಡೆಯಲು ಹಿಂದೆ ಜೋಡಿಸಿದ ಬ್ಲೋವರ್‌ನ ಟ್ಯಾಂಕು ನೋಟವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಕಟಿಂಗ್ ಆದ ಮೇಲೆ ಸವರಿದ ಬಳ್ಳಿಗಳನ್ನು ಬಾಗಿ ಆಯ್ದುಕೊಳ್ಳುತ್ತಿರುವ ಹೆಣ್ಣಾಳುಗಳು ಟ್ಯಾಂಕಿನ ಮರೆಯಲ್ಲಿ ಎಲ್ಲಿದ್ದಾರೆ ಎಂಬುದು ಎಷ್ಟು ಕತ್ತು ತಿರುಗಿಸಿದರೂ ಕಾಣುವುದಿಲ್ಲ. ಹಿಂಬದಿ ಕ್ಯಾಮೆರಾ ಬೇಕಾಗುವುದು ಮೊದಲು ಅವರಿಗಾಗಿ, ಆಮೇಲೆ ಕಂಬಕ್ಕಾಗಿ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋದರೆ, ಚಿತ್ರ ಎಷ್ಟು ಚೆಂದ ಎಂದು ಕೇಳುವ ಬದಲು, ಆ ಚಿತ್ರ ಈ ಕ್ಷಣದ್ದೇ ಅಲ್ಲವೇ ಎಂದು ಕೇಳುತ್ತೇವೆ.

ಮೊದಲಿಗೆ ‘ವೈರ್‌ಲೆಸ್’ ಎಂಬ ಮಾತಿನ ಅರ್ಥವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಕ್ಯಾಮೆರಾದಿಂದ ಪರದೆಗೆ ಚಿತ್ರ ಗಾಳಿಯಲ್ಲಿ ಬರುತ್ತದೆ ಎನ್ನುವುದಷ್ಟೇ ಇದರ ಅರ್ಥ. ಕ್ಯಾಮೆರಾಕ್ಕೂ ಪರದೆಗೂ ಕರೆಂಟು ಬೇಕೇ ಬೇಕು. ಆದ್ದರಿಂದ ಕ್ಯಾಮೆರಾವನ್ನು ಟ್ರ್ಯಾಕ್ಟರ್‌ನ ಮಡ್‌ಗಾರ್ಡಿಗೇ ಕಾಯಂ ಆಗಿ ಕೂರಿಸುವುದಾದರೆ ವೈರ್‌ಲೆಸ್‌ನ ಅಗತ್ಯವೇ ಇಲ್ಲ. ಹೇಗೂ ಕರೆಂಟಿನ ವೈರು ಅಲ್ಲಿಯವರೆಗೆ ಹೋಗಬೇಕು, ಅದರ ಜೊತೆಗೆ ಎರಡು ಮೂರು ಮೀಟರ್ ಚಿತ್ರದ ಕೇಬಲ್ಲನ್ನೂ ಎಳೆದರೆ ಕಡಿಮೆ ಖರ್ಚಿನಲ್ಲಿ ಎಂದೂ ಕಡಿಯದ ಚಿತ್ರ ಸಿಗುತ್ತದೆ. ವೈರ್‌ಲೆಸ್ ನಿಜವಾಗಿ ಉಪಯೋಗಕ್ಕೆ ಬರುವುದು ದಿನಕ್ಕೊಮ್ಮೆ ಜೋಡಿಸಿ ಬಿಚ್ಚುವ ಬ್ಲೋವರ್, ನೀರಿನ ಟ್ಯಾಂಕರ್, ಟ್ರಾಲಿಗಳ ಹಿಂತುದಿಗೆ ಕ್ಯಾಮೆರಾ ಹಾಕುವಾಗ. ಅಲ್ಲಿ ಕೇಬಲ್ ಎಳೆದರೆ ಒಂದಲ್ಲ ಒಂದು ದಿನ ಅದು ಉಪಕರಣವನ್ನು ಹಿಡಿದೆತ್ತುವ ಲಿಂಕೇಜ್‌ಗೆ ಸಿಕ್ಕಿಕೊಂಡೋ ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಕೊಡುವ ಪಿಟಿಒ ಶಾಫ್ಟಿಗೆ ಸುತ್ತಿಕೊಂಡೋ ಹರಿಯುತ್ತದೆ. ನಿಮಿಷಕ್ಕೆ 540 ಸುತ್ತು ತಿರುಗುವ ಶಾಫ್ಟಿನ ಹತ್ತಿರ ಜೋತಾಡುವ ಯಾವ ವೈರೂ ಇರಬಾರದು.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯವು ಸಿಗುತ್ತವೆ. ಒಂದು, ಕ್ಯಾಮೆರಾ ತನ್ನದೇ ವೈಫೈ ಹರಡಿ, ಅದಕ್ಕೆ ನಮ್ಮ ಮೊಬೈಲನ್ನು ಸೇರಿಸಿಕೊಂಡು ಆ್ಯಪಿನಲ್ಲಿ ಚಿತ್ರ ತೋರಿಸುವಂಥದ್ದು. ಇನ್ನೊಂದು, ಕ್ಯಾಮೆರಾ ಮತ್ತು ಅದರದೇ ಪರದೆ ಜೋಡಿಯಾಗಿ ಬರುವ ಡಿಜಿಟಲ್ ಸೆಟ್. ನಾನು ಮೊದಲು ಕೊಂಡದ್ದು ಮೊಬೈಲಿನದು, ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ. ನಾಲ್ಕನೇ ದಿನ ಸಾಲಿನ ಕೊನೆಯಲ್ಲಿ ಹಿಂದಕ್ಕೆ ಬರುತ್ತಿರುವಾಗ ಯಾರದೋ ಫೋನ್ ಬಂದು ಪರದೆಯ ತುಂಬ ಹೆಸರು ಮೂಡಿತು. ಅದನ್ನು ತಳ್ಳಿ ಮತ್ತೆ ಆ್ಯಪ್ ತೆರೆದಾಗ ಕಂಡದ್ದು ಖಾಲಿ ದಾರಿ. ಆದರೆ ಅದು ಕರೆ ಬರುವ ಮೊದಲಿನ ದಾರಿ. ಚಿತ್ರ ಅಲ್ಲೇ ನಿಂತುಹೋಗಿತ್ತು. ಬ್ಲೋವರ್‌ನ ಮೂಲೆ ಕಲ್ಲುಕಂಬಕ್ಕೆ ಬಡಿದು ಕಂಬ ವಾಲಿತು, ಬುಡದಲ್ಲಿದ್ದ ವಾಲ್ವ್ ಒಡೆಯಿತು. ಅಲ್ಲಿ ಕಂಬದ ಬದಲು ಆಳು ನಿಂತಿದ್ದರೆ ಎಂದು ನೆನೆದು ಅಂದು ರಾತ್ರಿ ನಿದ್ದೆ ಬರಲಿಲ್ಲ. ಕರೆ ಬರದಂತೆ ಮಾಡಿಟ್ಟರೂ, ಆ ವೈಫೈಯಲ್ಲಿ ಇಂಟರ್ನೆಟ್ ಇಲ್ಲವೆಂದು ಕೆಲವು ಮೊಬೈಲುಗಳು ತಾವಾಗಿಯೇ ಸಂಪರ್ಕ ಬಿಟ್ಟು ಸಿಮ್ಮಿನ ಡೇಟಾಕ್ಕೆ ಹಾರುತ್ತವೆ. ಬಿಸಿಲಿಗೆ ಕಾದರೆ ಮೊಬೈಲಿನ ಬೆಳಕೂ ತಗ್ಗುತ್ತದೆ. ಟ್ರ್ಯಾಕ್ಟರ್ ಕೆಲಸಕ್ಕೆ ಇದು ಬೇಡವೆಂದೇ ನನ್ನ ಖಚಿತ ಅಭಿಪ್ರಾಯ. ಜೋಡಿ ಸೆಟ್ಟನ್ನೇ ಕೊಳ್ಳಿರಿ.

ಜೋಡಿ ಸೆಟ್ಟಿನಲ್ಲೂ ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆಗಳು ಎರಡಿವೆ. ಪರದೆಯಲ್ಲಿ ಚಿತ್ರ ಬರುತ್ತಿರುವಾಗಲೇ ಕ್ಯಾಮೆರಾದ ಕರೆಂಟನ್ನು ಕಿತ್ತುಬಿಡಿ. ಒಳ್ಳೆಯ ಸೆಟ್ ತಕ್ಷಣ ಕಪ್ಪಾಗಿ ‘ಸಿಗ್ನಲ್ ಇಲ್ಲ’ ಎಂದು ತೋರಿಸುತ್ತದೆ. ಕೊನೆಯ ಚಿತ್ರವನ್ನೇ ಹಾಗೇ ಹಿಡಿದು ನಿಲ್ಲಿಸುವ ಪರದೆಯನ್ನು, ಅದು ಎಷ್ಟೇ ದೊಡ್ಡದಿರಲಿ, ಅಲ್ಲಿಯೇ ಬಿಟ್ಟು ಬರಬೇಕು. ಕಪ್ಪು ಪರದೆ ಕಂಡವನು ಬ್ರೇಕ್ ತುಳಿಯುತ್ತಾನೆ, ನಿಂತ ಚಿತ್ರ ಕಂಡವನು ಹಿಂದೆ ಬರುತ್ತಲೇ ಇರುತ್ತಾನೆ.

ಎರಡನೆಯದು ತಡದ ಪರೀಕ್ಷೆ. ಕ್ಯಾಮೆರಾ ಕಂಡದ್ದು ಪರದೆಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆ ಸ್ವಲ್ಪ ಎಷ್ಟು ಎಂಬುದೇ ಪ್ರಶ್ನೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಬರುವ ಟ್ರ್ಯಾಕ್ಟರ್ ಒಂದು ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತದೆ. ಚಿತ್ರ ಅರ್ಧ ಸೆಕೆಂಡ್ ತಡವಾದರೆ ನಾವು ನೋಡುತ್ತಿರುವುದಕ್ಕಿಂತ 70 ಸೆಂಟಿಮೀಟರ್ ಹಿಂದೆ ಆಗಲೇ ಬಂದಿರುತ್ತೇವೆ. ಅಳೆಯುವುದು ಸುಲಭ. ಒಂದು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾದ ಎದುರು ಹಿಡಿಯಿರಿ. ಆ ಮೊಬೈಲೂ ಪರದೆಯೂ ಒಟ್ಟಿಗೆ ಬರುವಂತೆ ಇನ್ನೊಂದು ಮೊಬೈಲಿನಿಂದ ಫೋಟೊ ತೆಗೆಯಿರಿ. ಫೋಟೊವನ್ನು ದೊಡ್ಡದು ಮಾಡಿ ನೋಡಿದರೆ ಎರಡು ಕಡೆಯ ಅಂಕಿಗಳ ನಡುವೆ ಇರುವ ವ್ಯತ್ಯಾಸವೇ ತಡ. ಒಂದು ಫೋಟೊ ನಂಬಬೇಡಿ, ನಾಲ್ಕೈದು ತೆಗೆಯಿರಿ. ಸೆಕೆಂಡಿನ ಐದರಲ್ಲೊಂದು ಭಾಗದೊಳಗಿದ್ದರೆ ನಾನು ಒಪ್ಪುತ್ತೇನೆ, ಅದನ್ನು ಮೀರಿದರೆ ಒಪ್ಪುವುದಿಲ್ಲ.

ಡಬ್ಬಿಯ ಮೇಲೆ ‘100 ಮೀಟರ್’, ‘150 ಮೀಟರ್’ ಎಂದು ಬರೆದಿರುವುದು ನಡುವೆ ಏನೂ ಅಡ್ಡವಿಲ್ಲದ ಬಯಲಿನ ಲೆಕ್ಕ. ನಮಗೆ ಬೇಕಿರುವುದು ಹೆಚ್ಚೆಂದರೆ ಏಳೆಂಟು ಮೀಟರ್, ಆದರೆ ಆ ಏಳೆಂಟು ಮೀಟರ್‌ನಲ್ಲಿ ನೀರು ತುಂಬಿದ ಟ್ಯಾಂಕ್ ಕುಳಿತಿರುತ್ತದೆ. ಈ ಸೆಟ್ಟುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುತ್ತವೆ. ಮೈಕ್ರೋವೇವ್ ಒಲೆಯ ತರಂಗವೂ ಇದೇ ಆಸುಪಾಸಿನದು, ನೀರು ಇದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಖಾಲಿ ಪ್ಲಾಸ್ಟಿಕ್ ಟ್ಯಾಂಕಿನ ಮೂಲಕ ಸರಾಗವಾಗಿ ಹಾದುಬಂದ ಚಿತ್ರ, ಟ್ಯಾಂಕ್ ತುಂಬಿದ ಕೂಡಲೇ ತುಂಡು ತುಂಡಾಗುವುದು ಇದೇ ಕಾರಣದಿಂದ. ಕಬ್ಬಿಣದ ಟ್ಯಾಂಕರ್ ಆದರೆ ತುಂಬಿದ್ದರೂ ಖಾಲಿಯಿದ್ದರೂ ಅಡ್ಡಿಯೇ. ಆದ್ದರಿಂದ ಆ್ಯಂಟೆನಾ ಕ್ಯಾಮೆರಾದೊಳಗೇ ಹುದುಗಿರುವುದಕ್ಕಿಂತ, ಹೊರಗೆ ಬಿಚ್ಚಿ ಬೇರೆ ಕಡೆ ಕೂರಿಸಬಹುದಾದ ಮಾದರಿಯನ್ನು ಆರಿಸಿ, ಆ್ಯಂಟೆನಾ ಟ್ಯಾಂಕಿನ ನೆತ್ತಿಗಿಂತ ಸ್ವಲ್ಪ ಮೇಲೆ ನೆಟ್ಟಗೆ ನಿಲ್ಲುವಂತೆ ಮಾಡಬೇಕು. ಆದರೆ ಚಪ್ಪರದ ತಂತಿಗೆ ಸಿಕ್ಕಿ ಮುರಿಯುವಷ್ಟು ಎತ್ತರ ಬೇಡ. ನಾಲ್ಕು ಬೆರಳು ಮೇಲಿದ್ದರೆ ಸಾಕು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳನ್ನು ಬಳಸುವುದಕ್ಕೆ ಲೈಸೆನ್ಸ್ ಬೇಕಿಲ್ಲ.

ನಮ್ಮ ಟ್ರ್ಯಾಕ್ಟರ್‌ಗಳಿಗೆ ಕ್ಯಾಬಿನ್ ಇಲ್ಲ, ಚಪ್ಪರದೊಳಗೆ ಹೋಗುವವುಗಳಿಗೆ ಮೇಲಿನ ಹುಡ್ಡೂ ಇರುವುದಿಲ್ಲ. ಕಾರಿಗೆಂದು ಮಾಡಿದ ಪರದೆ ಇಲ್ಲಿ ಸೋಲುವುದು ಈ ಕಾರಣಕ್ಕೆ. ಪರದೆಯ ಬೆಳಕನ್ನು ನಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 400 ನಿಟ್‌ನ ಪರದೆ ಚಪ್ಪರದ ನೆರಳಿನಲ್ಲಿ ಕಂಡರೂ ರಾಗಿ ಹೊಲದ ಮಧ್ಯಾಹ್ನದ ಬಿಸಿಲಿನಲ್ಲಿ ಬರಿಯ ಕನ್ನಡಿಯಾಗುತ್ತದೆ. ಬಯಲಿನ ಕೆಲಸವೂ ಇದೆಯೆನ್ನುವವರು 700 ನಿಟ್‌ಗಿಂತ ಮೇಲಿನದನ್ನು ಹುಡುಕಬೇಕು, ಮೇಲೆ ಬಿಸಿಲು ಮರೆಯ ಚಾಚು ಇರಬೇಕು. ಅಂಗಡಿಯವರನ್ನು ಕೇಳಿ ಪರದೆಯನ್ನು ಹೊರಗೆ ಬಿಸಿಲಿಗೆ ಹಿಡಿದು ನೋಡುವುದೇ ಸರಿ. ಅಳತೆ 7 ಇಂಚು ಸಾಕು.

ಧೂಳು ಮತ್ತು ನೀರಿನ ವಿಚಾರವನ್ನು ಐಪಿ ಅಂಕಿ ಹೇಳುತ್ತದೆ. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಐಪಿ67 ಎಂದರೆ ಧೂಳು ಒಳಹೋಗುವುದಿಲ್ಲ, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ತಡೆಯುತ್ತದೆ. ಆದರೆ ಮುಳುಗುವುದೇ ಬೇರೆ, ಒತ್ತಡದ ನೀರು ಬಡಿಯುವುದೇ ಬೇರೆ. ಔಷಧಿ ಹೊಡೆದ ದಿನ ಬ್ಲೋವರ್ ಅನ್ನು ಪ್ರೆಶರ್ ವಾಷರ್‌ನಿಂದ ತೊಳೆಯುವವರು ಐಪಿ69ಕೆ ಇರುವ ಕ್ಯಾಮೆರಾವನ್ನೇ ಕೊಳ್ಳಬೇಕು. ಅದನ್ನು 80 ಡಿಗ್ರಿ ಬಿಸಿಯ, ಭಾರೀ ಒತ್ತಡದ ನೀರನ್ನು ಹತ್ತಿರದಿಂದ ಹೊಡೆದು ಪರೀಕ್ಷಿಸಿರುತ್ತಾರೆ. ಈ ಅಂಕಿ ಕ್ಯಾಮೆರಾಕ್ಕೆ ಮಾತ್ರವೋ ಪರದೆಗೂ ಇದೆಯೋ ಎಂದು ಕೇಳುವುದನ್ನು ಮರೆಯಬೇಡಿ. ಪರದೆಗೆ ಇಲ್ಲದಿದ್ದರೆ ಮಳೆ ಬಂದಾಗ ಬಿಚ್ಚಿ ಒಳಗಿಡುವಂತಿರಬೇಕು.

ದ್ರಾಕ್ಷಿಯವರಿಗೆ ಇನ್ನೊಂದು ತೊಂದರೆ ಇದೆ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದ ತುಂತುರು ಲೆನ್ಸಿನ ಮೇಲೆ ಕೂತು ಒಣಗಿದರೆ ತಿಳಿನೀಲಿ ಹೊಪ್ಪಳೆ ಕಟ್ಟುತ್ತದೆ. ಒಣಬಟ್ಟೆಯಲ್ಲಿ ಉಜ್ಜಿದರೆ ಲೆನ್ಸಿಗೆ ಗೀರು ಬೀಳುತ್ತದೆಯೇ ಹೊರತು ಅದು ಬಿಡುವುದಿಲ್ಲ. ನಿಂಬೆರಸ ಬೆರೆಸಿದ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಸುಣ್ಣ ಕರಗುತ್ತದೆ, ಆಮೇಲೆ ಬರೀ ನೀರಿನಲ್ಲಿ ಒರೆಸಬೇಕು. ಲೆನ್ಸಿನ ಮೇಲೆ ಹುಬ್ಬಿನಂತೆ ಚಾಚಿದ ಮರೆ ಇರುವ ಕ್ಯಾಮೆರಾ ಇಲ್ಲಿ ಉತ್ತಮ. ಬ್ಲೋವರ್‌ನ ಫ್ಯಾನ್ ಎಸೆಯುವ ಹಾದಿಯಲ್ಲಂತೂ ಕೂರಿಸಲೇಬಾರದು. ಟ್ಯಾಂಕಿನ ಮೇಲ್ತುದಿಯ ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಕೆಳಮುಖ ಮಾಡಿದರೆ ತುಂತುರು ಕಡಿಮೆ ತಾಗುತ್ತದೆ.

ಅಯಸ್ಕಾಂತದ ತಳದ, ಬ್ಯಾಟರಿ ಒಳಗಿರುವ ಕ್ಯಾಮೆರಾಗಳೂ ಇವೆ. ಬ್ಲೋವರ್‌ನಿಂದ ಕಿತ್ತು ಟ್ರಾಲಿಗೆ, ಟ್ರಾಲಿಯಿಂದ ರೋಟಾವೇಟರ್‌ಗೆ ಬದಲಿಸಲು ಇದಕ್ಕಿಂತ ಸುಲಭವಾದದ್ದಿಲ್ಲ. ಆದರೂ ಅಯಸ್ಕಾಂತವೊಂದನ್ನೇ ನಂಬದೆ ತೆಳುವಾದ ಸ್ಟೀಲ್ ಹಗ್ಗವೊಂದನ್ನು ಜೊತೆಗೆ ಬಿಗಿಯಬೇಕು, ಏಕೆಂದರೆ ಅಲುಗಾಟಕ್ಕೆ ಅದು ಇಂಚಿಂಚೇ ಜಾರುತ್ತದೆ. ಸೋಲಾರ್ ಪಟ್ಟಿಯ ಕ್ಯಾಮೆರಾ ಚಪ್ಪರದ ಕೆಳಗೆ ಪ್ರಯೋಜನಕ್ಕಿಲ್ಲ, ಬಿಸಿಲೇ ಬೀಳದ ಕಡೆ ಅದು ಚಾರ್ಜ್ ಆಗುವುದೆಂತು.

ಲೆನ್ಸಿನ ಕೋನ ಹೆಚ್ಚಾದಷ್ಟೂ ಒಳ್ಳೆಯದೆಂದು ಮಾರುವವರು ಹೇಳುತ್ತಾರೆ. 170 ಡಿಗ್ರಿಯ ಲೆನ್ಸ್ ಅಕ್ಕಪಕ್ಕ ಹೆಚ್ಚು ತೋರಿಸುವುದು ನಿಜ, ಆದರೆ ಎಲ್ಲವನ್ನೂ ಚಿಕ್ಕದು ಮಾಡಿ ದೂರ ತಳ್ಳಿದಂತೆ ತೋರಿಸುತ್ತದೆ, ಮಾರು ದೂರದ ಕಂಬ ಮೂರು ಮಾರು ದೂರವಿದ್ದಂತೆ ಕಾಣುತ್ತದೆ. ಸಾಲಿನ ಕೆಲಸಕ್ಕೆ 120ರಿಂದ 130 ಡಿಗ್ರಿ ಹದವಾದದ್ದು. ಪರದೆಯ ಮೇಲೆ ಬರುವ ಹಸಿರು, ಹಳದಿ, ಕೆಂಪು ಗೆರೆಗಳು ಕಾರಿನ ಅಳತೆಗೆ ಎಳೆದವು, ಅವನ್ನು ಆರಿಸಿಬಿಡಿ. ಬದಲಿಗೆ ಬ್ಲೋವರ್‌ನ ತುದಿಯಿಂದ ಒಂದು ಮೀಟರ್‌ಗೆ ಒಂದು ಕಲ್ಲು, ಎರಡು ಮೀಟರ್‌ಗೆ ಇನ್ನೊಂದು ಕಲ್ಲು ಇಟ್ಟು, ಪರದೆಯಲ್ಲಿ ಅವು ಕಾಣುವ ಜಾಗದ ಅಂಚಿಗೆ ಬಣ್ಣದ ಟೇಪಿನ ಚೂರು ಅಂಟಿಸಿ. ಹಿಂದಿನ ಲಿಫ್ಟಿಗೆ ಜೋಡಿಸಿದ ಉಪಕರಣದ ಮೇಲೆ ಕ್ಯಾಮೆರಾ ಇದ್ದರೆ, ಲಿಫ್ಟ್ ಎತ್ತಿದಾಗ ನೋಟವೂ ಮೇಲಕ್ಕೆ ವಾಲಿ ಈ ಗುರುತು ತಪ್ಪುತ್ತದೆ. ಹಿಂದಕ್ಕೆ ಬರುವಾಗ ಲಿಫ್ಟ್ ಇರುವ ಎತ್ತರದಲ್ಲೇ ಗುರುತು ಹಾಕಬೇಕು. ಎಡಬಲವನ್ನೂ ಪರೀಕ್ಷಿಸಿ: ಒಬ್ಬರನ್ನು ನಿಮ್ಮ ಎಡಗೈ ಕಡೆಗೆ ಹಿಂದೆ ನಿಲ್ಲಿಸಿದರೆ ಪರದೆಯಲ್ಲೂ ಎಡಕ್ಕೇ ಕಾಣಬೇಕು. ಹಾಗೆ ಕಾಣದಿದ್ದರೆ ಚಿತ್ರವನ್ನು ತಿರುಗಿಸುವ ಸೌಲಭ್ಯ ಸೆಟ್ಟಿನಲ್ಲಿರಬೇಕು.

ಟ್ರಾಲಿ ಜೋಡಿಸುವಾಗಿನ ಉಪಯೋಗವನ್ನು ಇಲ್ಲಿ ಒತ್ತಿ ಹೇಳಬೇಕು. ನಮ್ಮಲ್ಲಿ ಒಬ್ಬರು ಟ್ರ್ಯಾಕ್ಟರ್ ಹಿಂದಕ್ಕೆ ತರುತ್ತಾರೆ, ಇನ್ನೊಬ್ಬರು ಟ್ರಾಲಿಗೂ ಟ್ರ್ಯಾಕ್ಟರ್‌ಗೂ ನಡುವೆ ನಿಂತು ಪಿನ್ ಹಿಡಿದು ‘ಬಾ, ಬಾ’ ಎನ್ನುತ್ತಾರೆ. ಕ್ಲಚ್ಚಿನಿಂದ ಕಾಲು ಒಮ್ಮೆ ಜಾರಿದರೆ ಅವರ ಗತಿಯೇನು? ಟ್ರ್ಯಾಕ್ಟರ್‌ನ ಕೊಂಡಿಯನ್ನು ಮೇಲಿನಿಂದ ನೋಡುವಂತೆ ಇನ್ನೊಂದು ಕ್ಯಾಮೆರಾ ಹಾಕಿದರೆ ನಡುವೆ ಯಾರೂ ನಿಲ್ಲದೆ ತೂತಿಗೆ ತೂತು ಸೇರಿಸಿ, ಗೇರ್ ತೆಗೆದು, ಬ್ರೇಕ್ ಬಿಗಿದು, ಇಳಿದು ಹೋಗಿ ಪಿನ್ ಹಾಕಬಹುದು. ಅದಕ್ಕಾಗಿ ಎರಡು ಕ್ಯಾಮೆರಾ ಸೇರುವ ಪರದೆಯನ್ನು ಮೊದಲೇ ಕೊಳ್ಳುವುದು ಜಾಣತನ.

ಬೆಳಗಿನ ಜಾವ ಔಷಧಿ ಹೊಡೆಯುವವರಿಗೆ ಕತ್ತಲಿನ ನೋಟವೂ ಬೇಕು. ಲೆನ್ಸಿನ ಸುತ್ತ ಇರುವ ಇನ್‌ಫ್ರಾರೆಡ್ ದೀಪಗಳು ತುಂತುರಿನಲ್ಲಿ ಮತ್ತು ಧೂಳಿನಲ್ಲಿ ಮರಳಿ ಲೆನ್ಸಿಗೇ ಹೊಡೆದು ಪರದೆಯನ್ನು ಬೆಳ್ಳಗೆ ಮಾಡುತ್ತವೆ. ಅವನ್ನು ಆರಿಸಿ ಟ್ರ್ಯಾಕ್ಟರ್‌ನ ಹಿಂದಿನ ದೀಪದ ಬೆಳಕಿನಲ್ಲೇ ನೋಡಲು ಬರುವ ಕ್ಯಾಮೆರಾ ಮೇಲು.

ಕರೆಂಟಿನ ವಿಷಯಕ್ಕೆ ಬಂದರೆ, ಟ್ರ್ಯಾಕ್ಟರ್ ಬ್ಯಾಟರಿ 12 ವೋಲ್ಟ್‌ನದಾದರೂ ಎಂಜಿನ್ ಓಡುವಾಗ 14ರ ಆಸುಪಾಸಿಗೆ ಏರುತ್ತದೆ, ಸೆಲ್ಫ್ ಹೊಡೆದಾಗ 10ರ ಹತ್ತಿರಕ್ಕೂ ಇಳಿಯುತ್ತದೆ. 9ರಿಂದ 32 ವೋಲ್ಟ್‌ವರೆಗೆ ತಡೆಯುವ ಸೆಟ್ ನೋಡಿ. ಕಾರಿನ ಕಿಟ್‌ಗಳು ರಿವರ್ಸ್ ದೀಪದಿಂದ ಕರೆಂಟ್ ತೆಗೆದುಕೊಳ್ಳುತ್ತವೆ. ನಮ್ಮ ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಆ ದೀಪವೇ ಇಲ್ಲ. ಆದ್ದರಿಂದ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ತಂತಿಯಿಂದ ಎಳೆದು, ಎಳೆದ ಜಾಗಕ್ಕೆ ಹತ್ತಿರದಲ್ಲೇ 3 ಆಂಪಿಯರ್ ಫ್ಯೂಸ್ ಹಾಕಿಸಬೇಕು. ದೀಪದ ವೈರಿನ ಸಿಪ್ಪೆ ಸುಲಿದು ತಿರುಚಿ ಟೇಪ್ ಸುತ್ತುವುದು ಬೇಡ, ಅಲುಗಾಟಕ್ಕೆ ಬಿಡುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆಗಳಲ್ಲಿ ಹತ್ತಾರು ಸೆಟ್ಟುಗಳನ್ನು ಹೋಲಿಸಿ ನೋಡಬಹುದು. ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸು ಮಾಡುವ ಗಡುವು ಎಷ್ಟು ದಿನವೆಂದು ಮೊದಲು ನೋಡಿಕೊಳ್ಳಿ. ಆ ಗಡುವಿನೊಳಗೆ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ, ಬ್ಲೋವರ್ ಓಡಿಸಿಕೊಂಡು, ನಿಮ್ಮ ತೋಟದ ಅತ್ಯಂತ ಇಕ್ಕಟ್ಟಾದ ಸಾಲಿನಲ್ಲಿ ಒಂದು ಪೂರ್ತಿ ಮಧ್ಯಾಹ್ನ ಕೆಲಸ ಮಾಡಿ. ಹಿಂದೆ ಆಳುಗಳನ್ನು ನಿಲ್ಲಿಸುವ ಬದಲು ಕೋಲಿಗೆ ಹಳೆಯ ಅಂಗಿ ತೊಡಿಸಿ ಅಲ್ಲಲ್ಲಿ ನೆಟ್ಟು, ಪ್ರತಿಯೊಂದೂ ಪರದೆಯಲ್ಲಿ ಎಲ್ಲಿಂದ ಕಾಣಲು ಶುರುವಾಗುತ್ತದೆ, ಎಲ್ಲಿ ಮರೆಯಾಗುತ್ತದೆ ಎಂದು ಗುರುತು ಮಾಡಿಕೊಳ್ಳಿ. ಅಂಗಿ ಮರೆಯಾಗುವ ಜಾಗ ಸಿಕ್ಕಿದರೆ ಕ್ಯಾಮೆರಾವನ್ನು ಸರಿಸಿ ಮತ್ತೆ ನೋಡಿ. ಮಧ್ಯಾಹ್ನದೊಳಗೆ ಚಿತ್ರ ಒಂದೇ ಒಂದು ಸಲ ನಿಂತುಹೋದರೂ ಆ್ಯಂಟೆನಾದ ಜಾಗ ಬದಲಿಸಿ ಇನ್ನೊಂದು ಮಧ್ಯಾಹ್ನ ಪರೀಕ್ಷಿಸಿ. ಆಗಲೂ ನಿಂತರೆ ಸೆಟ್ಟನ್ನು ವಾಪಸು ಮಾಡಿ. ಅಲ್ಲಿಯವರೆಗೆ ಡಬ್ಬಿಯನ್ನೂ ಬಿಲ್ಲನ್ನೂ ಜೋಪಾನವಾಗಿ ಇಟ್ಟುಕೊಂಡಿರಿ.