ನಮ್ಮೂರಿನ ನೆಲದ ದಾಖಲೆಯನ್ನು ಭೂವಿಜ್ಞಾನ ಕಚೇರಿಗಳಿಂದ ಪಡೆಯುವ ಬಗೆ

ಗದಗ, ಧಾರವಾಡ, ಹಾವೇರಿ ಜಿಲ್ಲೆಗಳ ಹಳ್ಳಿಗಳಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ ಎಂದೊಡನೆ ಜನರಿಗೆ ನೆನಪಾಗುವುದು ಉಸುಕಿನ ಲಾರಿ, ಪರ್ಮಿಟ್, ದಂಡ ಮತ್ತು ಕಲ್ಲಿನ ಕ್ವಾರಿ. ಇಲಾಖೆಯ ಹೆಸರಿನಲ್ಲಿ ಎರಡನೆಯದಾಗಿ ಬರುವ ‘ಭೂವಿಜ್ಞಾನ’ ಎಂಬ ಮಾತನ್ನು ಹಿಡಿದುಕೊಂಡು ಕಚೇರಿಯ ಮೆಟ್ಟಿಲು ಹತ್ತುವವರು ಬಹಳ ಕಡಿಮೆ. ಆದರೆ ಒಂದು ರಾಜ್ಯ ಭೂವಿಜ್ಞಾನ ಸಮೀಕ್ಷೆಯನ್ನು ಕಟ್ಟಿಕೊಳ್ಳುವುದೇ ಆ ಎರಡನೆಯ ಮಾತಿಗಾಗಿ: ನೆಲದಡಿಯ ಶಿಲೆ ಯಾವುದು, ಅದರಲ್ಲಿ ಖನಿಜವೆಷ್ಟು, ನೀರೆಷ್ಟು, ಅಪಾಯವೇನು ಎಂಬುದನ್ನು ಯಾರಾದರೂ ಅಗೆಯುವ ಮೊದಲೇ ತಿಳಿದು, ನಕ್ಷೆಯಾಗಿ ಬರೆದು, ಕೇಳಿದವರಿಗೆ ಕೊಡುವುದು. ಪರವಾನಗಿ ನೀಡುವುದು, ರಾಜಧನ ವಸೂಲಿ ಮಾಡುವುದು ಈ ತಿಳಿವಳಿಕೆಯ ಮೇಲೆ ನಿಲ್ಲಬೇಕಾದ ಮುಂದಿನ ಕೆಲಸಗಳು. ಗ್ರಾಮ ಪಂಚಾಯಿತಿ ಸದಸ್ಯರು, ರೈತರು, ಶಾಲೆಯ ಶಿಕ್ಷಕರು ಈ ದಾಖಲೆಗಳನ್ನು ಹೇಗೆ ಹುಡುಕಬೇಕು, ಹೇಗೆ ಕೇಳಬೇಕು, ಕೈಗೆ ಬಂದ ಮೇಲೆ ಹೇಗೆ ಓದಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಯಾವ ಪ್ರಶ್ನೆ, ಯಾವ ಕಚೇರಿ

ನಮ್ಮಲ್ಲಿ ಸಮೀಕ್ಷೆಯ ಕೆಲಸ ಒಂದೇ ಸೂರಿನಡಿ ಇಲ್ಲ. ಶಿಲೆಗಳ ಮೂಲ ನಕ್ಷೆಯನ್ನು ತಯಾರಿಸುವುದು 1851ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ, ಅಂದರೆ ಎಲ್ಲರ ಬಾಯಲ್ಲಿರುವ ಜಿಎಸ್‌ಐ. ರಾಜ್ಯದ ಮಟ್ಟದಲ್ಲಿ ಖನಿಜಗಳ ಶೋಧನೆ ಮತ್ತು ಗಣಿಗಾರಿಕೆಯ ನಿಯಂತ್ರಣ ಗಣಿ ಮತ್ತು ಭೂವಿಜ್ಞಾನ ಇಲಾಖೆಯದು. ಬಾವಿಗಳ ನೀರಿನ ಮಟ್ಟ ಅಳೆಯುವುದು, ತಾಲ್ಲೂಕುವಾರು ಅಂತರ್ಜಲದ ಲೆಕ್ಕ ಹಾಕುವುದು ಸಣ್ಣ ನೀರಾವರಿ ಮತ್ತು ಅಂತರ್ಜಲ ಅಭಿವೃದ್ಧಿ ಇಲಾಖೆಯ ಅಂತರ್ಜಲ ನಿರ್ದೇಶನಾಲಯದ್ದು. ಕೇಂದ್ರ ಅಂತರ್ಜಲ ಮಂಡಳಿಯೂ ತನ್ನದೇ ನಿರೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ಜಿಲ್ಲಾ ಕೇಂದ್ರದಲ್ಲಿ ಗಣಿ ಕಚೇರಿಯಲ್ಲೂ ‘ಹಿರಿಯ ಭೂವಿಜ್ಞಾನಿ’ ಇರುತ್ತಾರೆ, ಅಂತರ್ಜಲ ಕಚೇರಿಯಲ್ಲೂ ಇರುತ್ತಾರೆ. ಬೋರ್‌ವೆಲ್ಲಿನ ಪ್ರಶ್ನೆ ಹಿಡಿದು ಗಣಿ ಕಚೇರಿಯ ಬಾಗಿಲಲ್ಲಿ ಅರ್ಧ ದಿನ ಕುಳಿತು ಮರಳಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಪದನಾಮವನ್ನು ನೋಡಿ ಹೋಗದೆ, ಇಲಾಖೆಯ ಹೆಸರನ್ನು ನೋಡಿ ಹೋಗುವುದು ಒಳ್ಳೆಯದು.

ಹಳೆಯ ದಾಖಲೆ ಹುಡುಕುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ರಾಜ್ಯದ ಇಲಾಖೆಯ ಬೇರು ಇರುವುದು 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿ. ಆ ಇಲಾಖೆ ಕೆಲಸ ಮಾಡಿದ್ದು ಮೈಸೂರು ಸಂಸ್ಥಾನದೊಳಗೆ. ಧಾರವಾಡ ಸೀಮೆ 1956ರವರೆಗೂ ಮುಂಬಯಿ ಆಡಳಿತದಲ್ಲಿತ್ತು. ಹೀಗಾಗಿ ನಮ್ಮ ಭಾಗದ ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನವನ್ನು ಮೈಸೂರಿನ ಹಳೆಯ ವರದಿಗಳಲ್ಲಿ ಹುಡುಕಿ ಫಲವಿಲ್ಲ, ಜಿಎಸ್‌ಐ ಪ್ರಕಟಣೆಗಳಲ್ಲಿ ಹುಡುಕಬೇಕು. ಇದೇ ಫೂಟ್ ಅವರು ಮೈಸೂರಿಗೆ ಹೋಗುವ ಮುನ್ನ ಜಿಎಸ್‌ಐ ಸೇವೆಯಲ್ಲಿದ್ದಾಗ, 1874ರಷ್ಟು ಹಿಂದೆಯೇ, ಡಂಬಳ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ಬರೆದಿದ್ದರು. ಡಂಬಳ ಗುಡ್ಡವೆಂದರೆ ಇಂದಿನ ಕಪ್ಪತಗುಡ್ಡವೇ. ಜಗತ್ತಿನ ಭೂವಿಜ್ಞಾನಿಗಳು ಬಳಸುವ ‘ಧಾರ್ವಾರ್’ ಶಿಲೆ ಎಂಬ ಹೆಸರೂ ಫೂಟ್ ಅವರಿಂದಲೇ ಬಂದದ್ದು, ಆದ್ದರಿಂದ ಹುಡುಕುವಾಗ ಊರಿನ ಹೆಸರಿನ ಈ ಹಳೆಯ ಕಾಗುಣಿತವನ್ನೂ ಬಳಸಿ ನೋಡಬೇಕು. ಹಾಗೆಯೇ 1997ಕ್ಕಿಂತ ಮುಂಚಿನ ವರದಿಗಳಲ್ಲಿ ಗದಗ, ಹಾವೇರಿ ಎಂಬ ಜಿಲ್ಲೆಗಳೇ ಇಲ್ಲ. ಮುಂಡರಗಿಯಾಗಲಿ ಬ್ಯಾಡಗಿಯಾಗಲಿ ಧಾರವಾಡ ಜಿಲ್ಲೆಯ ಅಡಿಯಲ್ಲೇ ಸಿಗುತ್ತವೆ.

ನಿಮ್ಮ ಊರಿನ ಹಾಳೆಯನ್ನು ಗುರುತಿಸುವುದು

ಭೂವೈಜ್ಞಾನಿಕ ನಕ್ಷೆಗಳನ್ನು ಹಳ್ಳಿಯ ಹೆಸರಿನಿಂದ ಕೇಳಿದರೆ ಸಿಗುವುದು ಕಷ್ಟ; ಅವು ಸರ್ವೆ ಆಫ್ ಇಂಡಿಯಾದ ಹಾಳೆ ಸಂಖ್ಯೆಯ ಪ್ರಕಾರ ಜೋಡಿಸಲ್ಪಟ್ಟಿರುತ್ತವೆ. ಈ ಸಂಖ್ಯೆಯನ್ನು ನಾವೇ ಲೆಕ್ಕ ಹಾಕಬಹುದು. ಮೊದಲು ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಳ್ಳಿ. ಪೂರ್ವ ರೇಖಾಂಶ 75ರಿಂದ 76 ಡಿಗ್ರಿ ಮತ್ತು ಉತ್ತರ ಅಕ್ಷಾಂಶ 15ರಿಂದ 16 ಡಿಗ್ರಿಯ ನಡುವಿನ ಚೌಕಕ್ಕೆ 48 ಎಂ ಎಂದು ಹೆಸರು; ಅದರ ಕೆಳಗಿನ, 14ರಿಂದ 15 ಡಿಗ್ರಿಯ ಚೌಕಕ್ಕೆ 48 ಎನ್. ಪ್ರತಿ ಚೌಕವನ್ನು 15 ಮಿನಿಟುಗಳ ಅಂತರದಲ್ಲಿ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಭಾಗ ಮಾಡಿ, ವಾಯವ್ಯ ಮೂಲೆಯಿಂದ ಮೇಲಿನಿಂದ ಕೆಳಕ್ಕೆ 1, 2, 3, 4 ಎಂದು, ಬಳಿಕ ಪಕ್ಕದ ಸಾಲಿನಲ್ಲಿ ಮತ್ತೆ ಮೇಲಿನಿಂದ 5, 6 ಎಂದು 16ರವರೆಗೆ ಎಣಿಸುತ್ತಾರೆ. ಗದಗ ನಗರ ಸುಮಾರು 15 ಡಿಗ್ರಿ 26 ಮಿನಿಟು ಉತ್ತರ, 75 ಡಿಗ್ರಿ 38 ಮಿನಿಟು ಪೂರ್ವದಲ್ಲಿದೆ. ರೇಖಾಂಶದ ಪ್ರಕಾರ ಅದು ಮೂರನೆಯ ಸಾಲಿನಲ್ಲೂ ಅಕ್ಷಾಂಶದ ಪ್ರಕಾರ ಮೇಲಿನಿಂದ ಮೂರನೆಯ ಮನೆಯಲ್ಲೂ ಬರುತ್ತದೆ. ಅಂದರೆ ಹಾಳೆ 48 ಎಂ/11. ಇದೇ ಲೆಕ್ಕದಲ್ಲಿ ಹುಬ್ಬಳ್ಳಿ 48 ಎಂ/3ರಲ್ಲಿ, ಹಾವೇರಿ 48 ಎನ್/5ರಲ್ಲಿ ಬರುತ್ತವೆ. ಹೊಸ ಸರಣಿಯ ಹಾಳೆಗಳಿಗೆ ಬೇರೆ ಬಗೆಯ ಸಂಖ್ಯೆಗಳಿದ್ದರೂ ಭೂವಿಜ್ಞಾನದ ವರದಿಗಳಲ್ಲಿ ಈ ಹಳೆಯ ಸಂಖ್ಯೆಯೇ ಹೆಚ್ಚು ಬಳಕೆಯಲ್ಲಿದೆ.

ಹಾಳೆ ಸಂಖ್ಯೆ ಗೊತ್ತಾದ ಮೇಲೆ ಜಿಎಸ್‌ಐನ ‘ಭೂಕೋಶ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡು ನಕ್ಷೆಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಹಳ್ಳಿಯ ನೆಟ್‌ವರ್ಕಿನಲ್ಲಿ ಇದು ತಾಳ್ಮೆ ಬೇಡುವ ಕೆಲಸ.

ನಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಈ ನಕ್ಷೆಗಳ ಪ್ರಮಾಣ 1:50,000. ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ನಾಲ್ಕು ಎಕರೆಯ ಚೌಕಾಕಾರದ ಹೊಲ ಈ ನಕ್ಷೆಯಲ್ಲಿ ಎರಡೂವರೆ ಮಿಲಿಮೀಟರಿನ ಚುಕ್ಕೆಯಷ್ಟಾಗುತ್ತದೆ. ಆದ್ದರಿಂದ ‘ಬದುವಿನ ಯಾವ ಮೂಲೆಯಲ್ಲಿ ಬೋರ್ ಹಾಕಿಸಲಿ’ ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿಲ್ಲ. ನಿಮ್ಮ ಊರು ಯಾವ ಶಿಲೆಯ ಮೇಲೆ ಕುಳಿತಿದೆ, ಆ ಶಿಲೆಯ ಪದರಗಳು ಯಾವ ದಿಕ್ಕಿಗೆ ಓಡುತ್ತವೆ, ಬಿರುಕಿನ ಸಾಲುಗಳು ಎಲ್ಲಿ ಹಾಯ್ದಿವೆ ಎಂಬುದಕ್ಕೆ ಮಾತ್ರ ಸ್ಪಷ್ಟ ಉತ್ತರವಿದೆ, ಮತ್ತು ಆ ಉತ್ತರದ ಬೆಲೆ ಸಣ್ಣದಲ್ಲ.

ಹುಬ್ಬಳ್ಳಿ ಧಾರವಾಡದಿಂದ ಹಾವೇರಿ, ರಾಣೆಬೆನ್ನೂರಿನವರೆಗೆ ನೆಲದಡಿಯಲ್ಲಿ ಹೆಚ್ಚಾಗಿ ಇರುವುದು ಗ್ರೇವ್ಯಾಕ್ (ಜೇಡಿ ಬೆರೆತ ಒರಟು ಮರಳುಗಲ್ಲು) ಮತ್ತು ಜೇಡಿಯಿಂದಾದ, ಒತ್ತಡಕ್ಕೆ ಸಿಕ್ಕಿ ಮಡಿಕೆಬಿದ್ದ ಪದರಶಿಲೆ. ಗದಗಿನ ದಕ್ಷಿಣಕ್ಕೆ ಕಪ್ಪತಗುಡ್ಡದ ಸಾಲಿನಲ್ಲಿ ಇಂಥ ಪದರಶಿಲೆಯ ಜೊತೆಗೆ ಜ್ವಾಲಾಮುಖಿಯ ಶಿಲೆ ಮತ್ತು ಕಬ್ಬಿಣದ ಪಟ್ಟೆಶಿಲೆಗಳಿವೆ. ಪೂರ್ವಕ್ಕೆ ಮುಂಡರಗಿಯ ಕಡೆ ಸರಿದಂತೆ ಗ್ರಾನೈಟ್ ಮತ್ತು ನೈಸ್ (ಪಟ್ಟೆಪಟ್ಟೆಯಾಗಿ ಕಾಣುವ ರೂಪಾಂತರ ಶಿಲೆ) ಬರುತ್ತವೆ. ಈ ಎಲ್ಲ ಶಿಲೆಗಳೂ ಗಟ್ಟಿ. ಉಸುಕಿನಂತೆ ಮೈಯೆಲ್ಲ ನೀರು ಹಿಡಿಯುವ ಗುಣ ಅವಕ್ಕಿಲ್ಲ. ನೀರು ನಿಲ್ಲುವುದು ಮೇಲಿನ ಕೊಳೆತ ಕಲ್ಲಿನಲ್ಲಿ, ಹರಿಯುವುದು ಅದರ ಕೆಳಗಿನ ಬಿರುಕುಗಳಲ್ಲಿ. ಧಾರ್ವಾರ್ ಶಿಲೆಗಳ ಪದರಗಳು ಸಾಮಾನ್ಯವಾಗಿ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಓಡುವುದರಿಂದ, ಒಂದೇ ಊರಿನಲ್ಲಿ ಆ ದಿಕ್ಕಿನ ಗೆರೆಯ ಮೇಲಿರುವ ಎರಡು ಬೋರ್‌ಗಳು ಒಂದನ್ನೊಂದು ಬತ್ತಿಸುವುದೂ, ಅಡ್ಡ ದಿಕ್ಕಿನಲ್ಲಿ ಅಷ್ಟೇ ದೂರವಿರುವ ಮೂರನೆಯದಕ್ಕೆ ಏನೂ ಆಗದಿರುವುದೂ ಸಾಧ್ಯ. ನಕ್ಷೆಯಲ್ಲಿ ಈ ದಿಕ್ಕನ್ನು ಒಂದು ಉದ್ದ ಗೆರೆಯಿಂದ, ಪದರ ವಾಲಿದ ಕಡೆಯನ್ನು ಅದಕ್ಕೆ ತಾಗಿದ ಚಿಕ್ಕ ಗೆರೆಯಿಂದ ತೋರಿಸಿರುತ್ತಾರೆ. ಪಕ್ಕದ ಅಂಕಿ ವಾಲಿಕೆಯ ಡಿಗ್ರಿ. ಡೋಲರೈಟ್ ಡೈಕ್ ಎಂದು ಗುರುತಿಸಿದ ಸಣ್ಣ ಉದ್ದ ಪಟ್ಟಿಗಳಿದ್ದರೆ ಅವನ್ನು ವಿಶೇಷವಾಗಿ ನೋಡಬೇಕು. ಈ ಕರಿಕಲ್ಲಿನ ಗೋಡೆ ಹಲವು ಕಡೆ ನೆಲದೊಳಗಿನ ಒಡ್ಡಿನಂತೆ ನೀರನ್ನು ತಡೆಯುವುದರಿಂದ, ಅದರ ಒಂದು ಮಗ್ಗುಲಲ್ಲಿ ಬಾವಿ ತುಂಬಿದ್ದು ಇನ್ನೊಂದು ಮಗ್ಗುಲಲ್ಲಿ ಒಣಗಿರಬಹುದು.

ನಕ್ಷೆಯಲ್ಲಿ ಶಿಲೆಗೆ ಕೊಟ್ಟ ಬಣ್ಣ ನೀರಿನ ಗುಣದ ಸುಳಿವನ್ನೂ ಕೊಡುತ್ತದೆ. ಗ್ರಾನೈಟ್ ಮತ್ತು ನೈಸ್ ಇರುವಲ್ಲಿ ಫ್ಲೋರೈಡ್ ಪರೀಕ್ಷೆ ಮಾಡಿಸದೆ ಬೋರ್ ನೀರನ್ನು ಕುಡಿಯಲು ಬಳಸಬಾರದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5 ಕೊನೆಯ ಮಿತಿ. ಮುಂಡರಗಿ ಭಾಗದ ಜನರಿಗೆ ಈ ಕಷ್ಟ ಹೊಸದಲ್ಲ. ನವಲಗುಂದದ ಎರಿ ಭೂಮಿಯಲ್ಲಿ ಸಮಸ್ಯೆ ಬೇರೆ, ಅಲ್ಲಿ ನೆಲದ ನೀರೇ ಸವಳು. ಹಿರಿಯರು ಕುಡಿಯುವ ನೀರಿಗೆ ಬಾವಿಯನ್ನು ಬಿಟ್ಟು ಕೆರೆಯನ್ನು ನಂಬಿದ್ದರ ಹಿಂದೆ ಈ ಅನುಭವವಿದೆ.

ಚಿನ್ನದ ಮಾತು ಬರದೆ ಗದಗಿನ ಯಾವ ಭೂವಿಜ್ಞಾನ ಚರ್ಚೆಯೂ ಮುಗಿಯುವುದಿಲ್ಲ. ಖನಿಜ ಶೋಧನೆಯ ವರದಿಯಲ್ಲಿ ‘ಜಿ4’ ಎಂದಿದ್ದರೆ ಅದು ಮೇಲ್ನೋಟದ ಶೋಧನೆ, ‘ಜಿ3’ ಪ್ರಾಥಮಿಕ, ‘ಜಿ2’ ಸಾಮಾನ್ಯ, ‘ಜಿ1’ ವಿವರವಾದ ಶೋಧನೆ. ಜಿ4 ಹಂತದ ಸುದ್ದಿಯನ್ನು ನೋಡಿ ಹೊಲದ ಬೆಲೆ ಏರಿಸುವುದೂ ತಪ್ಪು, ಊರೇ ಹೋಯಿತೆಂದು ಹೆದರುವುದೂ ತಪ್ಪು. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿರುವುದರಿಂದ ಅಲ್ಲಿನ ಪ್ರಶ್ನೆ ಭೂವಿಜ್ಞಾನವೊಂದರಿಂದಲೇ ತೀರ್ಮಾನವಾಗುವಂಥದ್ದೂ ಅಲ್ಲ.

ಪತ್ರ ಬರೆಯುವುದು

‘ನಮ್ಮ ಊರಲ್ಲಿ ನೀರಿದೆಯೇ’ ಎಂದು ಕೇಳಿದರೆ ಯಾವ ಅಧಿಕಾರಿಯೂ ಉತ್ತರಿಸಲಾರರು. ದಾಖಲೆಯಲ್ಲಿ ಇರುವುದನ್ನೇ ಕೇಳಬೇಕು: ‘ನಮ್ಮ ಗ್ರಾಮಕ್ಕೆ ಸಮೀಪದ ನಿರೀಕ್ಷಣಾ ಬಾವಿಯ ಸ್ಥಳ, ಆಳ ಮತ್ತು ಕಳೆದ ಹತ್ತು ವರ್ಷಗಳ ಮೇ ಹಾಗೂ ನವೆಂಬರ್ ತಿಂಗಳ ನೀರಿನ ಮಟ್ಟದ ಪ್ರತಿಯನ್ನು ನೀಡಬೇಕು.’ ಮೊದಲು ಸಾದಾ ಅರ್ಜಿ ಕೊಡಿ. ಅನೇಕ ಸಲ ಅದೇ ಸಾಕಾಗುತ್ತದೆ. ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕರ್ನಾಟಕದ ನಿಯಮದಂತೆ ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯದ್ದಾಗಿರಬೇಕು ಮತ್ತು 150 ಪದಗಳನ್ನು ಮೀರಬಾರದು; ಉತ್ತರಕ್ಕೆ 30 ದಿನಗಳ ಗಡುವು.

ಅಂಕಿಗಳು ಬಂದ ಮೇಲೆ ಒಂದು ವರ್ಷದ ಮೇ ತಿಂಗಳನ್ನು ಮತ್ತೊಂದು ವರ್ಷದ ಮೇ ತಿಂಗಳಿಗೆ ಹೋಲಿಸಬೇಕು. ಮೇಯಿಂದ ನವೆಂಬರಿಗೆ ಆಗುವ ಏರಿಕೆ ಆ ವರ್ಷದ ಮಳೆಯ ಲೆಕ್ಕ ಮಾತ್ರ. ಮೇ ಮಟ್ಟವೇ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿದ್ದರೆ ತೆಗೆಯುವುದು ಹೆಚ್ಚಾಗಿದೆ ಎಂದರ್ಥ. ಗಟ್ಟಿ ಶಿಲೆಯ ಕೊಳೆತ ಪದರದಿಂದ ಹೊರಬರುವ ನೀರು ಅದರ ಗಾತ್ರದ ನೂರಕ್ಕೆ ಎರಡರಷ್ಟು ಎಂದು ಹಿಡಿದರೆ, ಒಂದು ಹೆಕ್ಟೇರಿನಲ್ಲಿ ಒಂದು ಮೀಟರ್ ಮಟ್ಟ ಇಳಿದಾಗ ಸಿಗುವುದು 2 ಲಕ್ಷ ಲೀಟರ್. ಗಂಟೆಗೆ 5,000 ಲೀಟರ್ ಎತ್ತುವ ಪಂಪಿಗೆ ಅದು 40 ಗಂಟೆಯ ಕೆಲಸ. ತಾಲ್ಲೂಕಿನ ವಾರ್ಷಿಕ ಲೆಕ್ಕದಲ್ಲಿ, ವರ್ಷಕ್ಕೆ ತೆಗೆಯಬಹುದಾದ ಅಂತರ್ಜಲದಲ್ಲಿ ಬಳಕೆ ಶೇಕಡಾ 70ರ ಒಳಗಿದ್ದರೆ ಸುರಕ್ಷಿತ, 90ರವರೆಗೆ ಅರೆ ಗಂಭೀರ, 100ರವರೆಗೆ ಗಂಭೀರ, ಅದನ್ನು ಮೀರಿದರೆ ಅತಿಬಳಕೆ ಎಂದು ವರ್ಗೀಕರಿಸಿರುತ್ತಾರೆ.

ಗಣಿ ಕಚೇರಿಯಲ್ಲಿ ಕೇಳಲೇಬೇಕಾದ ದಾಖಲೆ ಜಿಲ್ಲಾ ಸಮೀಕ್ಷಾ ವರದಿ. ಉಸುಕು ಮತ್ತಿತರ ಉಪಖನಿಜಗಳು ಎಲ್ಲಿ, ಎಷ್ಟಿವೆ ಎಂಬುದರ ಈ ವರದಿಯನ್ನು ಪ್ರತಿ ಜಿಲ್ಲೆಯೂ ತಯಾರಿಸಬೇಕೆಂದು ಕೇಂದ್ರ ಪರಿಸರ ಸಚಿವಾಲಯದ 2016ರ ಅಧಿಸೂಚನೆ ಹೇಳುತ್ತದೆ. ಕರಡನ್ನು 21 ದಿನ ಸಾರ್ವಜನಿಕರ ಮುಂದಿಡಬೇಕು, ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ತುಂಗಭದ್ರೆ, ವರದೆಯರ ದಂಡೆಯ ಪಂಚಾಯಿತಿಗಳು ಲಾರಿ ಬಂದ ಮೇಲೆ ಜಗಳ ಮಾಡುವುದಕ್ಕಿಂತ ಈ 21 ದಿನಗಳಲ್ಲಿ ಲಿಖಿತ ಆಕ್ಷೇಪ ಸಲ್ಲಿಸುವುದು ಹೆಚ್ಚು ಪರಿಣಾಮಕಾರಿ ಎಂಬುದು ನನ್ನ ಅಭಿಪ್ರಾಯ.

ಊರಿನದೇ ಒಂದು ವಹಿ

ಹೊಸ ಬೋರ್ ಕೊರೆಯುವಾಗ ಮೇಲೆ ಚಿಮ್ಮುವ ಕಲ್ಲಿನ ಪುಡಿಯನ್ನು ಹತ್ತು ಅಡಿಗೊಂದು ಹಿಡಿಯಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆಳವನ್ನು ಚೀಟಿಯಲ್ಲಿ ಬರೆದು ಒಳಗಿಡಿ. ಪಂಚಾಯಿತಿಯ ವಹಿಯಲ್ಲಿ ಸರ್ವೆ ನಂಬರ್, ಅಕ್ಷಾಂಶ, ರೇಖಾಂಶ, ಕೇಸಿಂಗ್ ಪೈಪ್ ಎಷ್ಟು ಅಡಿ ಇಳಿಯಿತು, ಮೊದಲ ನೀರು ಎಷ್ಟು ಅಡಿಗೆ ಬಂತು, ಎಷ್ಟು ಇಂಚು ಬಿತ್ತು, ಎಲ್ಲಿ ನಿಲ್ಲಿಸಿದರು ಎಂಬುದನ್ನು ನಮೂದಿಸಿ. ಫೇಲಾದ ಬೋರ್‌ಗಳನ್ನು ಬರೆಸಲು ಜನ ನಾಚುತ್ತಾರೆ. ನಮ್ಮ ಮನೆಯ ಎರಡು ಫೇಲಾದ ಬೋರ್‌ಗಳ ವಿವರವನ್ನು ನಾನೇ ಮೊದಲು ಬರೆಸಿದ ಮೇಲೆ ಉಳಿದವರು ಬಾಯಿಬಿಟ್ಟರು. ಕೇಸಿಂಗ್ ಇಳಿದ ಆಳವೆಂದರೆ ಹೆಚ್ಚುಕಡಿಮೆ ಮಣ್ಣು ಮತ್ತು ಕೊಳೆತ ಕಲ್ಲು ಸೇರಿದ ದಪ್ಪ. ಇಂಥ ಮೂವತ್ತು ನಲವತ್ತು ನಮೂದುಗಳನ್ನು ಗ್ರಾಮದ ನಕ್ಷೆಯ ಮೇಲೆ ಗುರುತಿಸಿ, ಅದರ ಪ್ರತಿಯೊಂದನ್ನು ಜಿಲ್ಲಾ ಅಂತರ್ಜಲ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಮುಂದಿನ ಸಲ ವಿದ್ಯುತ್ ರೋಧ ಪರೀಕ್ಷೆಗೆಂದು (ನೆಲಕ್ಕೆ ವಿದ್ಯುತ್ ಹಾಯಿಸಿ ಒಳಗಿನ ಶಿಲೆ, ನೀರು ಅಂದಾಜಿಸುವ ಪರೀಕ್ಷೆ) ಅಲ್ಲಿಂದ ಬರುವ ಭೂವಿಜ್ಞಾನಿ ಮೊದಲು ಕೇಳುವುದು ಆ ಹಾಳೆಯನ್ನೇ.