ಏಳು ಸೆಕೆಂಡ್ ಅಲ್ಲೇ ನಿಲ್ಲಿ: ನಿಮ್ಮ ವೋಟು ಸರಿಯಾಗಿ ಬಿತ್ತಾ ಎಂದು ನೋಡುವುದು ಹೇಗೆ?

ಚುನಾವಣಾ ಡ್ಯೂಟಿಗೆ ಹೋದಾಗಲೆಲ್ಲ ಇದನ್ನೇ ನೋಡುತ್ತೇನೆ. ಜನ ಬಿಸಿಲಲ್ಲಿ ಒಂದು ಗಂಟೆ ಕ್ಯೂ ನಿಲ್ಲುತ್ತಾರೆ. ಒಳಗೆ ಹೋಗಿ ನೀಲಿ ಗುಂಡಿ ಒತ್ತುತ್ತಾರೆ, ಒತ್ತಿದ್ದೇ ತಡ ಹೊರಗೆ ಬಂದುಬಿಡುತ್ತಾರೆ. ಪಕ್ಕದಲ್ಲಿರುವ ವಿವಿಪ್ಯಾಟ್, ಅಂದರೆ ಹಾಕಿದ ವೋಟಿನ ಚೀಟಿ ತೋರಿಸುವ ಯಂತ್ರದ ಕಡೆ ತಿರುಗಿಯೂ ನೋಡುವುದಿಲ್ಲ. ವೋಟು ಯಾರಿಗೆ ಬಿತ್ತು ಅಂತ ಕಣ್ಣಾರೆ ನೋಡಲೆಂದೇ ಅದನ್ನು ಇಟ್ಟಿರುವುದು. ಆಮೇಲೆ ಟೀ ಅಂಗಡಿಯಲ್ಲಿ ನಿಂತು 'ಮಷೀನೇ ಸರಿ ಇಲ್ಲ' ಅಂದರೆ ಯಾರು ಏನು ಮಾಡಲು ಸಾಧ್ಯ?

ಮೊದಲ ಕೆಲಸ, ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳುವುದು. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಎಪಿಕ್ (ಮತದಾರರ ಗುರುತಿನ ಚೀಟಿ) ನಂಬರ್ ಹಾಕಿ, ಇಲ್ಲವೇ 1950ಕ್ಕೆ ಫೋನ್ ಮಾಡಿ. ಹೆಸರು ಇಲ್ಲದಿದ್ದರೆ ಫಾರಂ 6. ಮನೆ ಬದಲಿಸಿದ್ದರೆ, ಹೆಸರು ತಪ್ಪಾಗಿದ್ದರೆ ಫಾರಂ 8. ಕಾರ್ಡ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾರ್ಡ್ ಇದ್ದರೂ ವೋಟಿಲ್ಲ. ದುಡ್ಡು ಕೊಟ್ಟು ಅಂಗಡಿಯಲ್ಲಿ ಮಾಡಿಸುವ ಪ್ಲಾಸ್ಟಿಕ್ ಕಾರ್ಡ್ ಅಂತೂ ಬೇಡವೇ ಬೇಡ. ನಿಮ್ಮ ಫೋಟೊ, ವಿಳಾಸ ಎಲ್ಲ ಆ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿದುಬಿಡುತ್ತದೆ. ಇ-ಎಪಿಕ್ ಅನ್ನು ಉಚಿತವಾಗಿಯೇ ಡೌನ್‌ಲೋಡ್ ಮಾಡಿಕೊಳ್ಳಬಹುದು.

ಇಲ್ಲೊಂದು ಮಾತು. 'ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ ಚಾಲೆಂಜ್ ವೋಟು ಹಾಕಬಹುದು, ಟೆಂಡರ್ ವೋಟು ನೂರಕ್ಕೆ 14 ದಾಟಿದರೆ ಮರುಮತದಾನ' ಎಂಬ ವಾಟ್ಸ್ಆ್ಯಪ್ ಮೆಸೇಜ್ ಪ್ರತಿ ಚುನಾವಣೆಗೂ ಬರುತ್ತದೆ. ಎರಡೂ ಸುಳ್ಳು. ಚಾಲೆಂಜ್ ಅನ್ನುವುದು ಮತದಾರರ ಗುರುತಿನ ಬಗ್ಗೆ ಅಭ್ಯರ್ಥಿಗಳ ಏಜೆಂಟರು ಎತ್ತುವ ಆಕ್ಷೇಪ. ಟೆಂಡರ್ ವೋಟು ಏನೆಂದು ಕೊನೆಯಲ್ಲಿ ಹೇಳುತ್ತೇನೆ. ಆ ಮೆಸೇಜ್ ನಂಬಿ ಬಂದವರು ಮತಗಟ್ಟೆ ಬಾಗಿಲಲ್ಲಿ ಜಗಳವಾಡಿ ವಾಪಸ್ ಹೋಗುವುದನ್ನು ನೋಡಿ ನನಗೆ ನಿಜವಾಗಿ ನೋವಾಗಿದೆ. ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ.

ಮತದಾನದ ದಿನ ಎಪಿಕ್ ಕಾರ್ಡ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಆಧಾರ್, ಡಿಎಲ್, ಪಾನ್, ಪಾಸ್‌ಪೋರ್ಟ್‌ನಂಥದ್ದು ಒಂದು ಸಾಕು. ಮನೆಗೆ ಬರುವ ವೋಟರ್ ಸ್ಲಿಪ್ ಮಾತ್ರ ಗುರುತಿಗೆ ನಡೆಯುವುದಿಲ್ಲ. ಓದುವ ಕನ್ನಡಕ ಮರೆಯಬೇಡಿ. ಹೊರಗೆ ಅಂಟಿಸಿರುವ ಪಟ್ಟಿಯಲ್ಲಿ ನಿಮ್ಮ ಅಭ್ಯರ್ಥಿಯ ಕ್ರಮ ಸಂಖ್ಯೆ ಮತ್ತು ಚಿಹ್ನೆ, ಎರಡನ್ನೂ ನೆನಪಿಟ್ಟುಕೊಳ್ಳಿ. ಹೆಸರೊಂದನ್ನೇ ನಂಬಬೇಡಿ. ಜನರನ್ನು ಗೊಂದಲಕ್ಕೆ ಕೆಡವಲೆಂದೇ ಒಂದೇ ಹೆಸರಿನವರನ್ನು ನಿಲ್ಲಿಸುವುದುಂಟು.

ಒಳಗೆ ಹೆಸರು ಕೂಗುತ್ತಾರೆ, ಸಹಿ ಹಾಕಿಸುತ್ತಾರೆ, ಮೈಸೂರಿನ ಶಾಯಿ ಹಚ್ಚುತ್ತಾರೆ. ಬೆರಳಿಗೆ ಎಣ್ಣೆ ಸವರಿಕೊಂಡು ಬರುವವರಿದ್ದಾರೆ. ಅಂಥವರ ಬೆರಳನ್ನು ಒರೆಸಿಯೇ ಶಾಯಿ ಹಾಕುತ್ತೇವೆ.

ಈಗ ಮುಖ್ಯವಾದ ಘಟ್ಟ. ಗುಂಡಿ ಒತ್ತುವ ಮೊದಲೇ ವಿವಿಪ್ಯಾಟ್‌ನ ಕಿಟಕಿ ಎಲ್ಲಿದೆ ನೋಡಿಕೊಳ್ಳಿ. ಅದರ ಗಾಜು ಕಪ್ಪಗಿರುತ್ತದೆ, ಒಳಗೆ ದೀಪ ಹತ್ತಿದಾಗ ಮಾತ್ರ ಚೀಟಿ ಕಾಣುತ್ತದೆ. ಗುಂಡಿಯನ್ನು ಗಟ್ಟಿಯಾಗಿ ಒತ್ತಿ. ಅಭ್ಯರ್ಥಿಯ ಹೆಸರಿನ ಪಕ್ಕ ಕೆಂಪು ದೀಪ ಬರುತ್ತದೆ. ತಕ್ಷಣ ಕಣ್ಣು ಕಿಟಕಿಯ ಮೇಲಿರಲಿ. ಸಣ್ಣ ಚೀಟಿಯೊಂದರಲ್ಲಿ ಕ್ರಮ ಸಂಖ್ಯೆ, ಹೆಸರು, ಚಿಹ್ನೆ ಕಾಣುತ್ತವೆ. ಮೊದಲು ಚಿಹ್ನೆ ನೋಡಿ, ಆಮೇಲೆ ಸಂಖ್ಯೆ. ಅಕ್ಷರ ಓದುತ್ತಾ ಕೂತರೆ ಹೊತ್ತು ಸಾಲುವುದಿಲ್ಲ. ಏಳು ಸೆಕೆಂಡ್ ಆದ ಮೇಲೆ ಚೀಟಿ ಕತ್ತರಿಸಿಕೊಂಡು ಒಳಗಿನ ಪೆಟ್ಟಿಗೆಗೆ ಬೀಳುತ್ತದೆ, ಕೈಗೆ ಸಿಗುವುದಿಲ್ಲ. ಉದ್ದದ ಬೀಪ್ ಕೇಳಿದ ಮೇಲೆಯೇ ಹೊರಡಿ. ಒಂದು ಸಲ ಒಬ್ಬ ಅಜ್ಜಿ ಹೊರಗೆ ಬಂದು 'ಏನೂ ಕಾಣಲೇ ಇಲ್ಲ ಮೇಷ್ಟ್ರೇ' ಅಂದರು. ಕನ್ನಡಕ ಸೆರಗಿನ ಗಂಟಿನಲ್ಲೇ ಇತ್ತು. ಅಷ್ಟರಲ್ಲಿ ಚೀಟಿ ಬಿದ್ದಾಗಿತ್ತು.

ನೀವು ಒತ್ತಿದ್ದೊಂದು, ಚೀಟಿಯಲ್ಲಿ ಬಂದದ್ದು ಇನ್ನೊಂದು ಅನಿಸಿದರೆ? ಹೊರಗೆ ಹೋಗಬೇಡಿ. ಅಲ್ಲೇ ಮತಗಟ್ಟೆಯ ಮುಖ್ಯ ಅಧಿಕಾರಿಗೆ ಹೇಳಿ. ಬರೆದುಕೊಡಬೇಕಾಗುತ್ತದೆ. ನಂತರ ಅವರ ಮತ್ತು ಏಜೆಂಟರ ಎದುರು ಒಂದು ಪರೀಕ್ಷಾ ವೋಟು ಹಾಕಿಸುತ್ತಾರೆ. ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ಅಲ್ಲಿಗೇ ನಿಲ್ಲುತ್ತದೆ. ಸುಳ್ಳಾದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ. ಅದಕ್ಕೇ ಸರಿಯಾಗಿ ನೋಡಿ ಅನ್ನುತ್ತಿರುವುದು. ನೋಡಿದ್ದು ಖಚಿತವಿದ್ದರೆ ಹೆದರಬೇಡಿ.

'ಎಣಿಕೆ ದಿನ ಚೀಟಿ ತಾಳೆ ನೋಡ್ತಾರಲ್ಲ' ಅಂತ ಕೇಳುವವರಿದ್ದಾರೆ. ನೋಡುತ್ತಾರೆ, ಆದರೆ ಒಂದು ವಿಧಾನಸಭಾ ಕ್ಷೇತ್ರದಲ್ಲಿ ಲಾಟರಿ ಎತ್ತಿದ 5 ಮತಗಟ್ಟೆಗಳದ್ದು ಮಾತ್ರ. 2019ರಿಂದ ಹೀಗಿದೆ. ಹಾಗಾಗಿ ಹೆಚ್ಚಿನ ಬೂತ್‌ಗಳಲ್ಲಿ ಆ ಚೀಟಿ ನೋಡುವವರು ನೀವೊಬ್ಬರೇ.

ಇನ್ನು, ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಲ್ಲಿ ಬೇರೆ ಯಾರೋ ಕಳ್ಳ ವೋಟು ಹಾಕಿ ಹೋಗಿದ್ದರೆ? ಮುಖ ಸಪ್ಪಗೆ ಮಾಡಿಕೊಂಡು ವಾಪಸ್ ಬರಬೇಡಿ. 'ಟೆಂಡರ್ ವೋಟು ಕೊಡಿ' ಅಂತ ಕೇಳಿ. ನಿಮ್ಮ ಗುರುತು ವಿಚಾರಿಸಿ, ಕಾಗದದ ಮತಪತ್ರ ಕೊಡುತ್ತಾರೆ. ಅದು ಯಂತ್ರಕ್ಕೆ ಹೋಗುವುದಿಲ್ಲ, ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಎಣಿಕೆಯಲ್ಲಿ ಸಾಮಾನ್ಯವಾಗಿ ಸೇರದಿದ್ದರೂ ಪ್ರಕರಣ ಕೋರ್ಟಿಗೆ ಹೋದರೆ ಅದು ದಾಖಲೆ. ಒಂದು ವೋಟಿನಿಂದ ಏನಾಗುತ್ತದೆ ಅನ್ನಬೇಡಿ. 2004ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ವೋಟಿನಿಂದ. ಮತಪತ್ರ ಕೊಡುವಾಗ ಫಾರಂ 17ಬಿ ಪಟ್ಟಿಯಲ್ಲಿ ನಿಮ್ಮ ಸಹಿ ಹಾಕಿಸಿಕೊಳ್ಳಬೇಕು. ಮರೆತಿದ್ದರೆ ನೀವೇ ನೆನಪಿಸಿ, ಸಹಿ ಹಾಕಿಯೇ ಬನ್ನಿ.