ರೇಡಿಯೇಷನ್ ಅಳೆಯಬೇಕಾ? ಮೊದಲು ‘ಯಾವುದು’ ಅಂತ ಕೇಳಿಕೊಳ್ಳಿ

ಹೋದ ವರ್ಷ ನಮ್ಮ ಬಡಾವಣೆಯವರು ಚಂದಾ ಎತ್ತಿ ಒಂದು ಗೈಗರ್ ಕೌಂಟರ್ (ವಿಕಿರಣಶೀಲ ವಸ್ತುಗಳ ಕಿರಣವನ್ನು ಟಿಕ್ ಟಿಕ್ ಅಂತ ಎಣಿಸುವ ಮಿಷನ್) ತರಿಸಿದರು. ಎದುರಿನ ಕಟ್ಟಡದ ಮೇಲೆ ಮೊಬೈಲ್ ಟವರ್ ಎದ್ದಿತ್ತು, ಅದನ್ನು ಅಳೆಯಬೇಕಿತ್ತು. ಟವರ್ ಕೆಳಗೆ ಹಿಡಿದರೂ ನಿಮಿಷಕ್ಕೆ 20–25 ಟಿಕ್, ಅಡುಗೆಮನೆಯಲ್ಲಿ ಹಿಡಿದರೂ ಅಷ್ಟೇ. ‘ಟವರ್ ಸೇಫ್ ಬಿಡಿ’ ಅಂದರು ಕೆಲವರು. ‘ಮಿಷನ್ನೇ ಡಬ್ಬಾ’ ಅಂದರು ಉಳಿದವರು. ಮಿಷನ್ ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ಟವರ್ ಕಾಣಿಸುವುದೇ ಇಲ್ಲ. ದುಡ್ಡು ಸುಮ್ನೆ ಹೋಯಿತು.

ಮೊದಲ ಹೆಜ್ಜೆ: ಅಲೆಯ ಉದ್ದ ಬರೆದುಕೊಳ್ಳಿ. 900 ಮೆಗಾಹರ್ಟ್ಸ್‌ನ ಮೊಬೈಲ್ ಅಲೆ ಸುಮಾರು 33 ಸೆಂಟಿಮೀಟರ್. ನಮ್ಮ ಮೈಯಿಂದ ಹೊರಡುವ ಶಾಖ ಸುಮಾರು 9–10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಕಣ್ಣಿಗೆ ಕಾಣುವ ಬೆಳಕು 400ರಿಂದ 700 ನ್ಯಾನೋಮೀಟರ್ (ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರಾನ್). ವಿಕಿರಣಶೀಲ ವಸ್ತುವಿನಿಂದ ಹೊರಡುವ ಗಾಮಾ ಕಿರಣದ ಅಲೆ ಒಂದು ಪರಮಾಣುವಿಗಿಂತಲೂ ಚಿಕ್ಕದು. ಎಲ್ಲದಕ್ಕೂ ನಾವು ಕೊಟ್ಟಿರುವ ಹೆಸರು ಮಾತ್ರ ಒಂದೇ, ರೇಡಿಯೇಷನ್. ಗೊಂದಲ ಹುಟ್ಟುವುದೇ ಅಲ್ಲಿ.

ಎರಡನೆಯದು, ಟವರ್ ಮತ್ತು ವೈಫೈ. ಇವಕ್ಕೆ ಬೇಕಿರುವುದು ರೇಡಿಯೋ ಅಲೆ ಅಳೆಯುವ ಆರ್‌ಎಫ್ ಮೀಟರ್. ಡಬ್ಬಿಯ ಮೇಲೆ ಗಿಗಾಹರ್ಟ್ಸ್ ಲೆಕ್ಕ ಬರೆದಿರಬೇಕು, 5ಜಿಗೆ ಕನಿಷ್ಠ 3.7ರವರೆಗೆ. ‘ಇಎಂಎಫ್ ಮೀಟರ್’ ಅಂತ ಅಗ್ಗಕ್ಕೆ ಸಿಗುವ ಎಷ್ಟೋ ಸಾಧನಗಳು ಮನೆ ವೈರಿನ 50 ಹರ್ಟ್ಸ್ ಮಾತ್ರ ಅಳೆಯುತ್ತವೆ. ಅವನ್ನು ಟವರ್ ಕಡೆ ಹಿಡಿದು ಏನೂ ಪ್ರಯೋಜನವಿಲ್ಲ.

ಮೂರನೆಯದು ಶಾಖದ ಕಿರಣ, ಅಂದರೆ ಇನ್‌ಫ್ರಾರೆಡ್. ಜನ ಜಾಸ್ತಿ ಎಡವುವುದು ಇಲ್ಲೇ. ಇನ್‌ಫ್ರಾರೆಡ್ ಅಂದರೆ ಒಂದೇ ವಸ್ತು ಅಂದುಕೊಳ್ಳುತ್ತಾರೆ. ಟಿವಿ ರಿಮೋಟ್ ಬಿಡುವುದು ಸಾಮಾನ್ಯವಾಗಿ 940 ನ್ಯಾನೋಮೀಟರ್. ಅದಕ್ಕೆ ಬೆಳಕು ಬಿದ್ದರೆ ವಿದ್ಯುತ್ ಹರಿಸುವ ಸಿಲಿಕಾನ್ ಫೋಟೋಡಯೋಡ್ ಸಾಕು. ಹೆಚ್ಚಿನ ಮೊಬೈಲ್‌ಗಳ ಸೆಲ್ಫಿ ಕ್ಯಾಮೆರಾದಲ್ಲೂ ರಿಮೋಟ್ ತುದಿ ನೇರಳೆಯಾಗಿ ಮಿನುಗುತ್ತದೆ, ನೋಡಿ. ಆದರೆ 1100 ನ್ಯಾನೋಮೀಟರ್ ದಾಟಿದರೆ ಸಿಲಿಕಾನ್ ಕುರುಡು. ಮೈಬಿಸಿ ಅದರ ಎಂಟೊಂಬತ್ತು ಪಟ್ಟು ಆಚೆ ಇದೆ. ಅಲ್ಲಿಗೆ ಬಿಸಿಯನ್ನೇ ವಿದ್ಯುತ್ತಾಗಿಸುವ ಸೆನ್ಸರ್, ಅಂದರೆ ಥರ್ಮೋಪೈಲ್ ಬೇಕು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ನಿನೊಳಗೆ ಇರುವುದು ಅದೇ.

ಗನ್ ಕೊಂಡರೆ ಸಾಲದು, ಹಿಡಿಯುವುದೂ ಗೊತ್ತಿರಬೇಕು. ಒಂದು ಶಾಲೆಯಲ್ಲಿ ಮಕ್ಕಳು ಕುದಿಯುವ ನೀರಿದ್ದ ಸ್ಟೀಲ್ ಪಾತ್ರೆಗೆ ಗನ್ ಹಿಡಿದರು. 46 ಡಿಗ್ರಿ ಬಂತು. ‘ಸಾರ್, ಕೆಟ್ಟಿದೆ’ ಅಂದರು. ಪಾತ್ರೆಯ ಹೊರಮೈಗೆ ಎರಡು ಬೆರಳಗಲ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಮತ್ತೆ ಹಿಡಿಸಿದೆ. 93 ಬಂತು! ಫಳಫಳ ಹೊಳೆಯುವ ಲೋಹ ಶಾಖದ ಕಿರಣವನ್ನು ತೀರಾ ಕಡಿಮೆ ಹೊರಬಿಡುತ್ತದೆ, ಗೋಡೆಯದನ್ನೇ ಕನ್ನಡಿಯ ಹಾಗೆ ತಿರುಗಿಸಿ ಕಳಿಸುತ್ತದೆ. ಗನ್ ಮಾತ್ರ ಎದುರಿಗಿರುವುದು ಟೇಪಿನಂಥ ಮೇಲ್ಮೈ ಎಂದೇ ಲೆಕ್ಕ ಹಾಕುತ್ತದೆ. ಸೌದೆ ಒಲೆಯ ಮಸಿ ಹಿಡಿದ ತಳಕ್ಕೆ ಟೇಪೂ ಬೇಡ.

ಇನ್ನೊಂದು: ಕೆಂಪು ಲೇಸರ್ ಚುಕ್ಕಿ ಅಳೆಯುವುದಿಲ್ಲ, ಗುರಿ ತೋರಿಸುತ್ತದೆ ಅಷ್ಟೇ. ಗನ್ನಿನ ಮೇಲೆ 12:1 ಅಂತ ಬರೆದಿದ್ದರೆ 12 ಅಡಿ ದೂರದಿಂದ ಒಂದು ಅಡಿ ಅಗಲದ ಜಾಗದ ಸರಾಸರಿ ಸಿಗುತ್ತದೆ. ಹತ್ತಿರ ಹೋಗಿ. ಮಧ್ಯೆ ಗಾಜಿದ್ದರೆ ಗಾಜಿನ ಬಿಸಿಯೇ ಬರುತ್ತದೆ. ಎಮಿಸಿವಿಟಿ (ಮೇಲ್ಮೈ ಶಾಖದ ಕಿರಣವನ್ನು ಎಷ್ಟು ಹೊರಬಿಡುತ್ತದೆ ಅನ್ನುವ ಲೆಕ್ಕ) ಬದಲಿಸಲು ಬರದ ಗನ್ ಕೊಳ್ಳಲೇಬೇಡಿ.

ನಾಲ್ಕನೆಯದು ಯುವಿ, ಅಂದರೆ ಕಣ್ಣಿಗೆ ಕಾಣದ ನೇರಳಾತೀತ ಕಿರಣ. ನೀರಿನ ಫಿಲ್ಟರಿನ ದೀಪ ಸಾಮಾನ್ಯವಾಗಿ 254 ನ್ಯಾನೋಮೀಟರ್, ಬಿಸಿಲಿನ ಯುವಿ 290ರ ಮೇಲೆ. ಒಂದರ ಸೆನ್ಸರ್ ಇನ್ನೊಂದಕ್ಕೆ ಆಗದು. ಮಾಮೂಲಿ ಗಾಜು 254 ಅನ್ನು ತಡೆದುಬಿಡುತ್ತದೆ, ಸೆನ್ಸರಿಗೆ ಕ್ವಾರ್ಟ್ಸ್ ಕಿಟಕಿ ಇರಲಿ. ದೀಪ ಉರಿಯುತ್ತಿದೆಯಾ ಅಂತ ಬರಿಗಣ್ಣಲ್ಲಿ ಇಣುಕಬೇಡಿ, ಕಣ್ಣು ಸುಡುತ್ತದೆ.

ಎಲ್ಲಕ್ಕೂ ಒಂದೇ ಸಾಧನ ಇಲ್ವಾ ಅಂತ ಮಕ್ಕಳು ಕೇಳುತ್ತಾರೆ. ಇಸ್ರೋ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್ ಎಂಬ ಖಗೋಳ ವೀಕ್ಷಣೆಯ ಉಪಗ್ರಹವನ್ನು ನೆನಪಿಸುತ್ತೇನೆ. ಯುವಿಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದ ಜೋಡಿ ದೂರದರ್ಶಕ. ಮೃದು (ಕಡಿಮೆ ಶಕ್ತಿಯ) ಎಕ್ಸ್‌ರೇಗೆ ಸಿಸಿಡಿ ಅನ್ನುವ ಕ್ಯಾಮೆರಾ ಚಿಪ್. ಅದಕ್ಕಿಂತ ಗಡುಸಾದದ್ದಕ್ಕೆ ಕ್ಸೆನಾನ್ ಅನಿಲದ ಪೆಟ್ಟಿಗೆ. ಇನ್ನೂ ಗಡುಸಿಗೆ ಕ್ಯಾಡ್ಮಿಯಂ ಝಿಂಕ್ ಟೆಲುರೈಡ್ ಹರಳು. ಉಪಗ್ರಹ ಒಂದೇ, ಕಣ್ಣು ಬೇರೆ ಬೇರೆ.

ಕೊನೆಯದು ಗಾಮಾ. ಗೈಗರ್ ಕೌಂಟರ್ ಕೆಲಸಕ್ಕೆ ಬರುವುದು ಇಲ್ಲಿ. ಕೊಳವೆಯೊಳಗಿನ ಅನಿಲದಿಂದ ಎಲೆಕ್ಟ್ರಾನ್ ಕಿತ್ತರೆ ಒಂದು ಟಿಕ್. ಹಾಗೆ ಕೀಳಲು ಬೇಕಾದ ಶಕ್ತಿಯ ಲಕ್ಷದ ಒಂದು ಪಾಲೂ ಮೊಬೈಲ್ ಅಲೆಯ ಕಣಕ್ಕೆ (ಫೋಟಾನ್‌ಗೆ) ಇಲ್ಲ. ಕಾಗದವನ್ನೂ ದಾಟಲಾರದ ಆಲ್ಫಾ ಕಣವನ್ನೂ ಎಣಿಸಬೇಕಿದ್ದರೆ ತುದಿಯಲ್ಲಿ ತೆಳು ಅಭ್ರಕದ ಕಿಟಕಿ ಇರುವುದನ್ನೇ ಕೇಳಿ, ಅದನ್ನು ಬೆರಳಲ್ಲಿ ಮುಟ್ಟಬೇಡಿ. ಎಷ್ಟು ಬಂತು ಅನ್ನುವುದರ ಜೊತೆ ಯಾವುದರಿಂದ ಬಂತು ಅಂತಲೂ ತಿಳಿಯಬೇಕಿದ್ದರೆ ಗೈಗರ್ ಸಾಲದು, ಸೋಡಿಯಂ ಅಯೋಡೈಡ್ ಹರಳಿನ ಸ್ಪೆಕ್ಟ್ರೋಮೀಟರ್ ಬೇಕು.

ಗೈಗರ್ ಕೌಂಟರನ್ನು ತಂದ ದಿನವೇ ಪರೀಕ್ಷಿಸಿ. ಬಿಪಿ ಇರುವವರಿಗೆಂದು ಮಾರುವ, ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಕಡಿಮೆ ಸೋಡಿಯಂ ಉಪ್ಪಿನ ಪ್ಯಾಕೆಟ್ ತನ್ನಿ. ಅದರ ಪೊಟ್ಯಾಸಿಯಂನಲ್ಲಿ ಚೂರು ವಿಕಿರಣಶೀಲ ಪೊಟ್ಯಾಸಿಯಂ–40 ಇರುತ್ತದೆ. ಖಾಲಿ ಮೇಜಿನ ಮೇಲೆ ಅರ್ಧ ಗಂಟೆ ಟಿಕ್ ಎಣಿಸಿ. ಉಪ್ಪನ್ನು ತಟ್ಟೆಗೆ ಸುರಿದು, ಕೊಳವೆಯನ್ನು ಮುಟ್ಟಿಯೂ ಮುಟ್ಟದಂತೆ ಹಿಡಿದು ಮತ್ತೆ ಅರ್ಧ ಗಂಟೆ. ಎರಡನೇ ಲೆಕ್ಕ ಏರಬೇಕು. ಒಂದೇ ನಿಮಿಷ ಎಣಿಸಿ ತೀರ್ಮಾನಿಸಬೇಡಿ, ಟಿಕ್‌ಗಳು ಒಂದೇ ತಾಳದಲ್ಲಿ ಬರುವುದಿಲ್ಲ.